ಎಂಜಿನ್ ಬಿಸಿಯಾಗುವ ಮೊದಲು

ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ದನಿ. ಎತ್ತಿ ನಿಲ್ಲಿಸಿದ ಬಾನೆಟ್ಟಿನ ಆಚೆಯಿಂದ ಬಂತು.

"ಒಳಗೆ ಕೂತಿರೋರಿಗೆ ನಿದ್ದೆ ಬಂತಾ?"

"ನಿದ್ದೆ ಬಂದಿಲ್ಲ, ನಂಬರ್ ಬರ್ತಾ ಇಲ್ಲ," ಎಂದೆ. ವ್ಯಾನಿನ ಡ್ರೈವರ್ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎಂಜಿನ್ ಓದುವ ಸ್ಕ್ಯಾನರಿನ ವೈರು ಡ್ಯಾಶ್‌ಬೋರ್ಡಿನ ಕೆಳಗೆ ಜೋತಾಡುತ್ತಿತ್ತು.

"ಬರದೆ ಇದ್ರೆ ಬಿಡಿ, ಕಣಿ ಹೇಳಿ ಮೇಡಂ. ಅಷ್ಟರಲ್ಲಿ ನಾನು ಕಿವೀಲೇ ಸೆಟ್ ಮಾಡ್ಬಿಡ್ತೀನಿ."

ಅವರನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡೀಸೆಲ್ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಪಂಪು ಡೀಸೆಲನ್ನು ಎಂಜಿನ್ನಿಗೆ ಕಳಿಸುವ ಗಳಿಗೆ ಕೂದಲೆಳೆಯಷ್ಟು ಮುಂಚೆಯಾದರೆ ಎಂಜಿನ್ ಬಡಿದುಕೊಳ್ಳುತ್ತದೆ, ತಡವಾದರೆ ಹೊಗೆಯುಗುಳಿ ಏರಿನಲ್ಲಿ ಸುಸ್ತಾಗುತ್ತದೆ. ಆ ಗಳಿಗೆಯನ್ನು ಅವರು ಕೇಳಿ ಹೇಳುತ್ತಿದ್ದರು. ನಾನು ನೋಡಿ ಹೇಳಬೇಕಿತ್ತು.

ಗಾಡಿ ರಿಪೇರಿಯ ಶೆಡ್ಡು ಅಣ್ಣನದು. ಅವನಿಗೆ ಕಂಪ್ಯೂಟರ್ ಎಂದರೆ ಹಾವು ಕಂಡಂತೆ. ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದ ನಾನೇ ಸ್ಕ್ಯಾನರ್ ತರಿಸಲು ಹೇಳಿದ್ದೆ. "ಶೆಡ್ಡಲ್ಲಿ ಹೆಣ್ಣುಮಗಳನ್ನ ಕೂರಿಸ್ತೀಯಾ?" ಎಂದು ಊರೆಲ್ಲ ಕೇಳಿದರೂ ಅಣ್ಣ ನನ್ನ ಮಾತು ನಂಬಿದ್ದ. ಹಾಗಾಗಿ ಆ ಡ್ರೈವರ್ ಸೀಟು ನನ್ನದಾಯಿತು. ಇಪ್ಪತ್ತಾರು ವರ್ಷದವರೆಗೆ ಅಡುಗೆಮನೆಯ ಮಣೆ ಬಿಟ್ಟರೆ ನನ್ನದು ಎನ್ನುವ ಜಾಗ ಬೇರೆ ಇರಲಿಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಎಂಜಿನ್ನಿನ ಹತ್ತಿರ, ಒಬ್ಬರು ಪರದೆಯ ಮುಂದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಾನು ನಂಬರ್ ಓದಿ ಗಾಡಿ ಆಫ್ ಮಾಡುತ್ತೇನೆ. ಅವರು ಬೋಲ್ಟ್ ಸಡಿಲಿಸಿ ಪಂಪನ್ನು ಒಂದು ಗೆರೆಯಷ್ಟು ತಿರುಗಿಸಿ ಬಿಗಿಯುತ್ತಾರೆ. ಮತ್ತೆ ಸ್ಟಾರ್ಟ್, ಮತ್ತೆ ನಂಬರ್. ಆ ಗಳಿಗೆ ಮೂರೂವರೆ ಡಿಗ್ರಿಗೆ ಬರುವ ತನಕ ಇದೇ ಸಂಸಾರ.

ಬಾನೆಟ್ಟಿಗೂ ಗಾಜಿಗೂ ನಡುವೆ ಎರಡು ಬೆರಳಿನಷ್ಟು ಸಂದಿ. ಆ ಸಂದಿಯಲ್ಲಿ ಒಮ್ಮೆ ಗ್ರೀಸು ಮೆತ್ತಿದ ಮಣಿಕಟ್ಟು ಕಾಣುತ್ತಿತ್ತು, ಒಮ್ಮೆ ಅರ್ಧ ಮೀಸೆ. ಬೋಲ್ಟ್ ಬಿಗಿದಾದ ಮೇಲೆ ಅವರು ಸ್ವಲ್ಪ ಬಗ್ಗಿ, ಆ ಸಂದಿಗೆ ಸರಿಯಾಗಿ ಕಣ್ಣು ತಂದು ನಿಲ್ಲಿಸುತ್ತಿದ್ದರು.

"ಎಷ್ಟು?"

"ಮೂರು."

"ಸಾಕಾ?"

"ಸಾಲದು. ಇನ್ನೂ ಸ್ವಲ್ಪ."

"ನಿಮಗೆ ಯಾವಾಗ್ಲೂ ಇನ್ನೂ ಸ್ವಲ್ಪ." ಕಣ್ಣಷ್ಟೇ ನಗುತ್ತಿತ್ತು, ಬಾಯಿ ಬಾನೆಟ್ಟಿನ ಹಿಂದೆ.

ಎಂಟು ತಿಂಗಳು ಹೀಗೆ ನಡೆಯಿತು. ಕೆಲವು ಸಲ ಮೊದಲನೆಯ ಓದಿಗೇ ಮೂರೂವರೆ ಬಂದಿದ್ದರೂ ನಾನು "ಮೂರೂಕಾಲು" ಎಂದದ್ದಿದೆ. ಅವರು ತಿರುಗಿಸಿದ ಹಾಗೆ ಮಾಡಿ, ಏನೂ ಮುಟ್ಟದೆ, "ಈಗ ಹೇಳಿ" ಎಂದದ್ದೂ ಇದೆ.

ಅತ್ತಿಗೆಗೆ ಅನುಮಾನ ಬಂದಿತ್ತು. "ಏನೇ ಪುಟ್ಟಿ, ಶೆಡ್ಡಿಗೆ ಹೋಗೋಕೆ ಇಸ್ತ್ರಿ ಮಾಡಿದ ಬಟ್ಟೆ! ಯಾವ ಗಾಡಿ ನೋಡುತ್ತಂತೆ ನಿನ್ನ?"

"ಸುಮ್ನಿರಿ ಅತ್ತಿಗೆ."

"ನಾನು ಸುಮ್ನಿರ್ತೀನಮ್ಮ. ನಿನ್ನ ಮುಖ ಸುಮ್ನಿರಲ್ವಲ್ಲ."

ಒಂದು ಮಧ್ಯಾಹ್ನ ಸ್ಕೂಲ್ ವ್ಯಾನೊಂದು ಬಂತು. ಪಂಪಿನ ಸೀಲು ಹೋಗಿತ್ತು. ಮೇಸ್ತ್ರಿ ಪಂಪು ಬಿಚ್ಚಿ, ಸೀಲು ಬದಲಿಸಿ, ಕಿವಿಯಲ್ಲೇ ಕೂರಿಸಿದ್ದರು. ನಾನು ಸೀಟು ಹತ್ತುವಾಗ ಪಕ್ಕದಲ್ಲಿ ಹಾದುಹೋಗುತ್ತ ತಗ್ಗಿದ ದನಿಯಲ್ಲಿ ಅಂದರು: "ಇದೊಂದು ಗಾಡಿ ಮುಗೀಲಿ. ಸಂಜೆ ನಿಮ್ಮಣ್ಣನ ಹತ್ರ ಮಾತಾಡ್ತೀನಿ."

"ಏನಂತ?"

"ನಿಮ್ಮ ತಂಗಿಗೆ ಇನ್ನೂ ಸ್ವಲ್ಪ ಬೇಕಂತೆ, ನನ್ನನ್ನೇ ಕೊಟ್ಬಿಡ್ತೀನಿ ಅಂತ."

ಅದಾದ ಮೇಲೆ ಕೀಲಿ ತಿರುಗಿಸಿದ್ದು ನನ್ನ ಕೈಯಲ್ಲ, ಯಾರೋ ಹುಡುಗಿಯ ಕೈ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಪರದೆಯ ಮೂಲೆಯಲ್ಲಿ ನೋಡಲೇ ಇಲ್ಲ. ಸಂಜೆ ಬೇಗ ಬರಲಿ ಎಂಬುದೊಂದೇ ಇತ್ತು.

"ಐದು," ಎಂದೆ.

"ಐದಾ? ಸಾಧ್ಯ ಇಲ್ಲ. ಇದು ಸರಿಯಾಗೇ ಕೂತಿದೆ."

ಅಣ್ಣ ವ್ಯಾನ್ ಡ್ರೈವರನ ಹೆಗಲ ಮೇಲೆ ಕೈಹಾಕಿ ನಿಂತಿದ್ದ. ಜೋರಾಗಿ ನಕ್ಕ. "ಮೆಷಿನ್ ಬಂದ ಮೇಲೆ ಕಿವಿಗೆ ಪೆನ್ಷನ್ ಕೊಟ್ಟಾಯ್ತು ಕಣಪ್ಪ. ಪುಟ್ಟಿ ಹೇಳ್ದಂಗೆ ಮಾಡು."

ಸುತ್ತ ಇದ್ದವರೂ ನಕ್ಕರು. ಸಂದಿಯಲ್ಲಿ ಕಣ್ಣು ಬಂದು ನಿಂತಿತು. ನಗಲಿಲ್ಲ. "ಹೇಳಿ ಮೇಡಂ. ತಿರುಗಿಸ್ಲಾ?"

"ಸ್ಕ್ರೀನ್ ಸುಳ್ಳು ಹೇಳಲ್ಲ," ಎಂದೆ.

ಅವರು ತಿರುಗಿಸಿದರು. ಮೂರೂವರೆ ಬಂತು. ಆದರೆ ಅಣ್ಣ ಅವರನ್ನು ಬೇರೆ ಗಾಡಿಗೆ ಕರೆದುಕೊಂಡು ಹೋದ. ಆ ಸಂಜೆ ಮಾತಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ಡ್ರೈವರ್ ಕೆಂಡವಾಗಿ ಬಂದ. ಬೆಳಿಗ್ಗೆ ಗಾಡಿ ಸ್ಟಾರ್ಟಾಗಲು ಅರ್ಧ ಗಂಟೆ, ಆಮೇಲೆ ಬಿಳಿ ಹೊಗೆ, ಕೊನೆಗೆ ಏರಿನ ನಟ್ಟನಡುವೆ ನಿಂತೇಬಿಟ್ಟಿತಂತೆ. ಒಳಗೆ ಹದಿನೆಂಟು ಮಕ್ಕಳು, ಅವತ್ತು ಪರೀಕ್ಷೆ. ಮಕ್ಕಳು ಅಳುತ್ತ ನಡೆದು ಹೋದರಂತೆ.

ಅಣ್ಣ ಮೇಸ್ತ್ರಿಯ ಮೇಲೆ ಹರಿಹಾಯ್ದ. "ಬೋಲ್ಟ್ ಬಿಗಿಯುವಾಗ ಪಂಪ್ ಜರುಗಿಸಿದ್ದೀಯ! ಮೆಷಿನ್ ಮೇಲಿನ ಹೊಟ್ಟೆಕಿಚ್ಚನ್ನ ಗಿರಾಕಿ ಗಾಡಿ ಮೇಲೆ ತೀರಿಸ್ಕೊಳ್ತೀಯಾ?"

ಮೇಸ್ತ್ರಿ ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿದರು. ನಡುವೆ ಬಾನೆಟ್ ಇರಲಿಲ್ಲ. ಪೂರ್ತಿ ಮುಖ ಕಾಣುತ್ತಿತ್ತು.

"ಮೇಡಂ, ನಿನ್ನೆ ರೀಡಿಂಗ್ ಸೇವ್ ಮಾಡಿರ್ತೀರಲ್ಲ. ಒಂದ್ಸಲ ತೆಗೀರಿ."

ಅದು ನನ್ನ ಮುಂದೆ ತೆರೆದೇ ಇತ್ತು. ಮೂಲೆಯಲ್ಲಿ ಎಂಜಿನ್ನಿನ ಬಿಸಿ: ನಲವತ್ತೊಂದು. ಎಂಬತ್ತು ದಾಟದೆ ಓದಿದ ನಂಬರಿಗೆ ಅರ್ಥವಿಲ್ಲ. ಎಂಜಿನ್ ತಣ್ಣಗಿರುವಾಗ ಗಾಡಿಯೇ ತಾನಾಗಿ ಗಳಿಗೆಯನ್ನು ತುಸು ಮುಂಚೆಗೆ ಎಳೆದುಕೊಳ್ಳುತ್ತದೆ. ಐದು ತೋರಿಸಿದ್ದು ಅದಕ್ಕೇ. ಸರಿಯಿದ್ದ ಪಂಪನ್ನು ತಡವಾಗಿಸಿ ಕೆಡಿಸಿದ್ದು ನಾನು.

ಅಣ್ಣನ ಕುತ್ತಿಗೆಯ ನರ ಉಬ್ಬಿತ್ತು. ಶೆಡ್ಡಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಸೀಟು ಹೋಗುತ್ತದೆ, ಅಣ್ಣನ ನಂಬಿಕೆ ಹೋಗುತ್ತದೆ, ಊರು ಅಂದದ್ದೇ ಸರಿಯಾಗುತ್ತದೆ.

"ಸೇವ್ ಆಗಿಲ್ಲ," ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಅವರು ಕೈ ಒರೆಸಿಕೊಂಡು, ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಹೊರಟುಹೋದರು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ನಾನು ಮದುವೆಯಾಗಲಿಲ್ಲ. ಅವರಿಗಾಗಿ ಕಾದೆ ಎಂದರೆ ಸುಳ್ಳು. ಹೆಣ್ಣು ನೋಡಲು ಬಂದವರ ಎದುರು ಕೂತಾಗ, ಎದುರಿನ ಮನುಷ್ಯ ನನ್ನ ಮಾತನ್ನು ಪೂರ್ತಿ ನಂಬಿಬಿಟ್ಟರೆ ಏನು ಗತಿ ಎಂದು ಭಯವಾಗುತ್ತಿತ್ತು. ಸೀಟು ಉಳಿಯಿತು. ಅದರ ಮೇಲೆ ಕೂತೇ ತಲೆ ನರೆಯಿತು. ಹೊಸ ಗಾಡಿಗಳಲ್ಲಿ ಕೈಯಿಂದ ತಿರುಗಿಸುವ ಪಂಪೇ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ತಿಂಗಳಿಗೊಮ್ಮೆ ಕೆಲಸ ಸಿಕ್ಕರೆ ಹೆಚ್ಚು.

ಹೋದ ವಾರ ಒಂದು ಹಳೆಯ ಪಿಕಪ್ ಬಂತು. ಇಳಿದವರ ಮೀಸೆ ಬೆಳ್ಳಗಾಗಿತ್ತು.

"ಈ ಪಂಪ್ ಓದೋ ಲ್ಯಾಪ್‌ಟಾಪು ಸುತ್ತಮುತ್ತ ನಿಮ್ಮಲ್ಲಿ ಮಾತ್ರ ಉಳಿದಿದೆಯಂತೆ, ಮೇಡಂ."

ಇಪ್ಪತ್ತೊಂದು ವರ್ಷ. ನನಗೆ ತಕ್ಷಣ ಹೊಳೆದದ್ದು, ಕೈಗೆ ಗ್ರೀಸು ಮೆತ್ತಿದೆ, ಸೆರಗು ಹೇಗೆ ಸರಿಮಾಡಿಕೊಳ್ಳಲಿ ಎಂದು. ನಾಚಿಕೆಗೆ ವಯಸ್ಸಾಗುವುದಿಲ್ಲ.

"ಇದೆ," ಎಂದೆ. "ಬಿಸಿಯಾಗ್ಬೇಕು. ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತೆ."

"ಆಗ್ಲಿ. ಕೂರ್ತೀನಿ."

ಅವರು ಪಕ್ಕದ ಸೀಟಿಗೆ ಹತ್ತಿ ಕೂತರು. ಅಷ್ಟು ದಿನ ಒಟ್ಟಿಗೆ ಕೆಲಸ ಮಾಡಿದ್ದರೂ ಒಂದೇ ಕ್ಯಾಬಿನ್ನಿನಲ್ಲಿ ಕೂತದ್ದು ಅದೇ ಮೊದಲು. ಪರದೆಯಲ್ಲಿ ಬಿಸಿ ಮೂವತ್ತೆರಡು.

ಇಬ್ಬರು ಹೆಣ್ಣುಮಕ್ಕಳಂತೆ. ದೊಡ್ಡವಳು ನರ್ಸಿಂಗ್ ಓದುತ್ತಿದ್ದಾಳೆ. ಹೆಂಡತಿಗೆ ಆಗಾಗ ತಲೆನೋವು, ಉಳಿದಂತೆ ಗಟ್ಟಿಗಿತ್ತಿ, ಇವರ ವರ್ಕ್‌ಶಾಪನ್ನು ನಡೆಸುವುದೇ ಅವಳಂತೆ. ಆ ಹೆಂಗಸಿನ ಬಗ್ಗೆ ಹೇಳುವಾಗ ಅವರ ದನಿಯಲ್ಲಿ ಪ್ರೀತಿ ಇತ್ತು. ಇರಲಿ ಎಂದುಕೊಂಡೆ. ಚುಚ್ಚಿತು, ಆದರೂ ಇರಲಿ.

"ನೀವು?"

"ನಾನು ಇಲ್ಲೇ."

ನಲವತ್ತೊಂದು ಬಂದು ಹೋಯಿತು. ನಾನು ನೋಡಿದೆ. ಐವತ್ತೆಂಟು. ಅರವತ್ತನಾಲ್ಕು.

"ಅವತ್ತು ಸೇವ್ ಆಗಿತ್ತು," ಎಂದೆ. "ಬಿಸಿಯಾಗೋಕೆ ಬಿಡ್ಲಿಲ್ಲ ನಾನು. ತಪ್ಪು ನಂದು. ಗೊತ್ತಿದ್ದೂ ಸುಳ್ಳು ಹೇಳಿದೆ."

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. "ಗೊತ್ತು."

"ಗೊತ್ತಾ?"

"ಪಂಪ್ ತಿರುಗಿಸೋಕೆ ಮುಂಚೆ ರೇಡಿಯೇಟರ್ ಹೋಸ್ ಮುಟ್ಟಿದ್ದೆ. ಸರಿಯಾಗಿ ಬಿಸಿನೇ ಆಗಿರ್ಲಿಲ್ಲ."

"ಮತ್ತೆ ಯಾಕೆ ತಿರುಗಿಸಿದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?"

ಅವರು ತಡವರಿಸಿದರು. "ಎಲ್ರ ಮುಂದೆ ಕಿವಿಗೆ ಪೆನ್ಷನ್ ಅಂದ್ರಲ್ಲ ನಿಮ್ಮಣ್ಣ. ಹೋಗ್ಲಿ ಗಾಡಿ, ನಾಳೆ ತಿರುಗಿ ಬರ್ಲಿ, ಮೆಷಿನ್ ಮಾನ ಹೋಗ್ಲಿ ಅಂದ್ಕೊಂಡೆ. ಒಳಗೆ ಮಕ್ಕಳಿರ್ತಾರೆ ಅಂತ ತಲೆಗೇ ಬರ್ಲಿಲ್ಲ. ಮೆಷಿನ್ ಹಿಂದೆ ನೀನು ಕೂತಿದ್ದೀಯ ಅಂತಾನೂ ಬರ್ಲಿಲ್ಲ."

ಮೊದಲ ಸಲ ನನ್ನನ್ನು ನೀನು ಎಂದಿದ್ದರು.

"ಹೋದ ಮೇಲೆ ಒಂದು ವಾರ ಆ ತಿರುವಿನ ಟೈರ್ ಅಂಗಡಿ ಮುಂದೆ ನಿಲ್ತಿದ್ದೆ," ಎಂದರು. "ನೀನು ಬಂದು ನಿಜ ಹೇಳಿದ್ರೆ, ನಂದೂ ಹೇಳೋಣ ಅಂತ."

"ಮಹಡಿ ಕಿಟಕಿಯಿಂದ ಕಾಣ್ತಿತ್ತು. ಬೈಯೋಕೆ ನಿಂತಿದ್ದೀರ ಅಂದ್ಕೊಂಡೆ."

ಅವರು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಬೇಕಾಯಿತು.

"ನನ್ನ ಮೇಲೆ ಆಸೆ ಇತ್ತಾ?" ಎಂದು ಕೇಳಿದರು, ಚಿಕ್ಕ ಮಕ್ಕಳು ಕೇಳುವ ಹಾಗೆ.

"ಇತ್ತು. ಆ ಗಡಿಬಿಡಿಗೇ ಅಲ್ವಾ ಅವತ್ತು ಗಾಡಿ ಕೆಟ್ಟಿದ್ದು."

ಎಂಬತ್ತೆರಡು. ಅವರು ಇಳಿದು ಹೋಗಿ ಬಾನೆಟ್ ಎತ್ತಿದರು. ಎರಡೇ ಸಲ ತಿರುಗಿಸಿದರು. ಹೆಚ್ಚಿಗೆ ಕೇಳುವ ನೆಪ ನಾನು ಹುಡುಕಲಿಲ್ಲ, ಅವರೂ ಕೊಡಲಿಲ್ಲ. ಮೂರೂವರೆ ಎಂದೆ. ಬಾನೆಟ್ ಮುಚ್ಚಿದರು.

"ಬರ್ತೀನಿ," ಎಂದರು ಕಿಟಕಿಯ ಹತ್ತಿರ ನಿಂತು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಹುಷಾರು," ಎಂದೆ. ಅಷ್ಟೇ ಬಂದದ್ದು.

ಮನೆಯೊಳಗೆ ಅಣ್ಣ ಊಟಕ್ಕೆ ಕೂತಿದ್ದ. ಮಂಡಿ ನೋವಿನಿಂದ ಅವನು ಶೆಡ್ಡಿಗೆ ಬಂದು ವರ್ಷವಾಯಿತು.

"ಯಾರೇ ಬಂದಿದ್ದು?"

"ಕಿವಿ ಮೇಸ್ತ್ರಿ. ಅಣ್ಣ, ಅವತ್ತು ಆ ಸ್ಕೂಲ್ ವ್ಯಾನ್ ಕೆಡಿಸಿದ್ದು ನಾನು. ಗಾಡಿ ಬಿಸಿಯಾಗೋ ಮುಂಚೆ ಓದಿದ್ದೆ. ರೀಡಿಂಗ್ ಸೇವ್ ಆಗಿತ್ತು, ನಿನ್ನ ಹತ್ರ ಸುಳ್ಳು ಹೇಳಿದೆ."

ತುತ್ತು ತಟ್ಟೆಯಲ್ಲೇ ಉಳಿಯಿತು. ಆಮೇಲೆ ಶುರುವಾಯಿತು. "ಕತ್ತೆ! ಬಂಗಾರದಂಥ ಕೆಲಸಗಾರನ್ನ ನನ್ನ ಕೈಯಿಂದ್ಲೇ ಓಡಿಸಿದ್ಯಲ್ಲೇ! ಮನುಷ್ಯಳಾ ನೀನು? ಇಷ್ಟು ವರ್ಷ ನನ್ನ ಮುಂದೆ ಓಡಾಡ್ಕೊಂಡು..." ಕುತ್ತಿಗೆಯ ನರ ಉಬ್ಬಿತು. ನಾನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ. ಅತ್ತಿಗೆ ಸೌಟು ಹಿಡಿದು ನನ್ನನ್ನೇ ನೋಡುತ್ತ ನಿಂತರು. ಅವರಿಗೆ ಎಲ್ಲ ಗೊತ್ತಾಗಿತ್ತು.

ಅಣ್ಣನಿಗೆ ದಮ್ಮು ಕಟ್ಟಿತು. ನೀರು ಕುಡಿದ. ಎರಡು ತುತ್ತು ತಿಂದು, "ಉಪ್ಪು ಕಮ್ಮಿ," ಎಂದ. ಆಮೇಲೆ ತಲೆಯೆತ್ತದೆ ನನ್ನನ್ನು ಕೇಳಿದ:

"ಅವನ ಗಾಡಿ ಎಷ್ಟಕ್ಕೆ ನಿಲ್ಲಿಸ್ದೆ?"

"ಮೂರೂವರೆ."

"ಸರಿ, ಕೂತ್ಕೊ. ಊಟ ಮಾಡು."

ನಾನು ಗೋಡೆಯ ಗಡಿಯಾರ ನೋಡಿದೆ. ಇಪ್ಪತ್ತೊಂದು ವರ್ಷ ನಾನು ಹೆದರಿದ್ದ ಅಣ್ಣನ ಬೈಗುಳ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ.