ಪರೀಕ್ಷೆಯ ಬೆಳಿಗ್ಗೆ ಒಂದು ಡಬ್ಬಿ ಸಾರು

"ಏಯ್, ಕೊಂಬೆ ಬಿಡ್ರೀ! ಅಲ್ಲಾಡಿಸ್ಬೇಡಿ!"

ರಿಮ್ಮಾ ಬೆಚ್ಚಿ ಕೈಬಿಟ್ಟಳು. ಗ್ಯೊಂಗ್ಜು ಊರಿನ ಹೊಳೆದಂಡೆಯ ಚೆರ್ರಿ ಮರದಿಂದ ಹಿಡಿಯಷ್ಟು ಎಸಳು ಅವಳ ತಲೆಯ ಮೇಲೆ ಉದುರಿತು.

ಎದುರಿಗೆ ಇತಿಹಾಸದ ದಪ್ಪ ಪುಸ್ತಕ ಹಿಡಿದ ಯುವಕ. ಕಣ್ಣಲ್ಲಿ ಸಿಟ್ಟು!

"ನೋಡೋಕೆ ನಮ್ಮೋರ ಹಾಗಿದ್ದೀರಿ. ಇಷ್ಟೂ ಗೊತ್ತಾಗಲ್ವಾ?"

"ಮುಖ ಇಲ್ಲಿಂದ ವಲಸೆ ಹೋದ ಮುತ್ತಾತಂದು," ರಿಮ್ಮಾ ತಡವರಿಸಿದಳು. "ಮಾತು, ಬುದ್ಧಿ ಎಲ್ಲ ನಾನು ಹುಟ್ಟಿ ಬೆಳೆದ ಫರ್ಗಾನಾದ್ದು. ಅಲ್ಲಿ ಅಜ್ಜಿ ಇದಾರೆ... ಹೂ ಉದುರೋದನ್ನ ಫೋನಲ್ಲಿ ಹಿಡಿದು ಕಳಿಸೋಣ ಅಂತ..."

ಯುವಕನ ಸಿಟ್ಟು ಇಳಿಯಿತು. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಕೈಚಾಚಿದ.

"ಕೊಡಿ ಫೋನು. ಗಾಳಿ ತಾನಾಗೇ ಬರ್ಲಿ. ನೀವು ಅಲ್ಲೇ ನಿಂತಿರಿ."

ಗಾಳಿ ಬರಲು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವನು ಕೈ ಇಳಿಸಲಿಲ್ಲ.

ಅವನ ಹೆಸರು ದೊಂಗ್ಯು. ರಿಮ್ಮಾ ಬಾಡಿಗೆಗಿದ್ದ ಓಣಿಯಲ್ಲೇ ಅವನ ತಾಯಿಯ ನೂಡಲ್ಸ್ ಅಂಗಡಿ. ಗಿರಾಕಿಗಳೆಲ್ಲ ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಸರ್ಕಾರಿ ನೌಕರಿಯ ಪರೀಕ್ಷೆಗೆ ಅವನು ಮೂರನೆಯ ಸಲ ಕೂರುವವನಿದ್ದ. ಉಳಿದಿದ್ದು ಒಂಬತ್ತೇ ದಿನ.

ಒಂಬತ್ತು ದಿನವೂ ಸಂಜೆ ಇಬ್ಬರೂ ಹೂವಿನಡಿ ನಡೆದರು.

"ನೀವು ಓದ್ಬೇಕಲ್ವಾ?" ಎಂದು ಅವಳು ಕೇಳುವಳು.

"ಓದ್ತಾನೇ ಇದೀನಿ. ಕೇಳಿ ನೋಡಿ, ಯಾವ ರಾಜ ಬೇಕು?"

ಅವಳು ನಕ್ಕು ಪುಸ್ತಕ ತೆರೆಯುವಳು. ಎರಡನೆಯ ಪ್ರಶ್ನೆಯ ಹೊತ್ತಿಗೆ ಪುಸ್ತಕದ ತುಂಬ ಎಸಳು. 'ಇವತ್ತೊಂದು ದಿನ ಸಾಕು... ನಾಳೆಯಿಂದ ಕರೆಯಬಾರದು' ಎಂದುಕೊಳ್ಳುವಳು. ನಾಳೆ ಮತ್ತೆ ಕರೆಯುವಳು.

ಪರೀಕ್ಷೆ ದೇಗು ನಗರದಲ್ಲಿ. ಬೆಳಗಿನ ಆರರ ಬಸ್ಸು. ಹುಟ್ಟುಹಬ್ಬದಂದು ಇಲ್ಲಿಯವರು ಕಡಲಪಾಚಿಯ ಸಾರು ಕುಡಿಯುವುದನ್ನು ರಿಮ್ಮಾ ನೋಡಿದ್ದಳು. ಒಳ್ಳೆಯ ದಿನಕ್ಕೆ ಒಳ್ಳೆಯ ಸಾರು ಎಂದುಕೊಂಡು, ನಸುಕಿನಲ್ಲೇ ಎದ್ದು, ದನದ ಮಾಂಸ ಹಾಕಿ ಕುದಿಸಿ, ಡಬ್ಬಿಯನ್ನು ಕೋಟಿನೊಳಗೆ ಅವಚಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು.

ಮುಚ್ಚಳ ತೆಗೆದ ದೊಂಗ್ಯು ಸಾರು ನೋಡಿದ. ಅವಳ ಮುಖ ನೋಡಿದ. ಆಮೇಲೆ ಒಂದು ಹನಿಯೂ ಬಿಡದೆ ಕುಡಿದ.

"ಚೆನ್ನಾಗಿದ್ಯಾ?"

"ತುಂಬಾ..."

ತಿಂಗಳ ನಂತರ ಫಲಿತಾಂಶ ಬಂತು. ಒಂದೇ ಒಂದು ಪ್ರಶ್ನೆಯ ಅಂತರದಲ್ಲಿ ಅವನು ಫೇಲಾಗಿದ್ದ.

ಆ ಮಧ್ಯಾಹ್ನ ಅಂಗಡಿಯಲ್ಲಿ ರಿಮ್ಮಾ ಮಾತಿನ ನಡುವೆ ಸಾರಿನ ವಿಷಯವೆತ್ತಿದಳು. ಚಿಕ್ಕಮ್ಮನ ಕೈಯ ಸೌಟು ನಿಂತಿತು.

"ಕಡಲಪಾಚಿ ಸಾರಾ? ಪರೀಕ್ಷೆ ದಿನ?! ಅದು ಜಾರೋ ಪದಾರ್ಥ ಕಣೇ, ಓದಿದ್ದೆಲ್ಲ ಜಾರಿ ಹೋಗುತ್ತೆ! ಈ ಊರಲ್ಲಿ ಹಸುಗೂಸಿಗೂ ಗೊತ್ತು. ಈ ಮುಖ ಇಟ್ಕೊಂಡು ನಿಂಗೆ ಗೊತ್ತಿಲ್ವಾ?"

ರಿಮ್ಮಾ ಪಕ್ಕದಲ್ಲಿ ನಿಂತಿದ್ದ ದೊಂಗ್ಯುವಿನತ್ತ ನೋಡಿದಳು. 'ಇಲ್ಲ ಅನ್ನು... ಅದರಿಂದಲ್ಲ ಅನ್ನು...'

ಅವನು ತಲೆ ತಗ್ಗಿಸಿದ.

ಆ ಮೌನ ಅವಳಿಗೆ ಸಾಕಾಯಿತು. 'ಒಂಬತ್ತು ಸಂಜೆ ಕದ್ದವಳು ನಾನು. ಮೂರು ವರ್ಷದ ಓದನ್ನು ಒಂದು ಡಬ್ಬಿಯಲ್ಲಿ ಮುಳುಗಿಸಿದವಳೂ ನಾನೇ!' ವಾರದೊಳಗೆ ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದಳು. ಅವನ ಕರೆಗಳನ್ನು ಎತ್ತಲಿಲ್ಲ. ಸಿಹಿಬನ್ನಿನ ಅಂಗಡಿಯೊಂದರಲ್ಲಿ ಹೂರಣ ತುಂಬುವ ಕೆಲಸ ಹಿಡಿದಳು.

ವರ್ಷ ತಿರುಗಿ ಮತ್ತೆ ಹೂ ಅರಳಿತು. ರಿಮ್ಮಾ ಹೊಳೆದಂಡೆ ಬಿಟ್ಟು ಹಿಂದಿನ ಓಣಿಗಳಲ್ಲೇ ನಡೆದಳು. ಅಜ್ಜಿ ಫೋನಿನಲ್ಲಿ ಹೂ ತೋರಿಸೆಂದರೆ, "ಈ ಸಲ ಚೆನ್ನಾಗಿ ಬಂದಿಲ್ಲ ಅಜ್ಜೀ" ಎಂದಳು. ಅಜ್ಜಿ ಮತ್ತೆ ಕೇಳಲಿಲ್ಲ. "ಹೊಟ್ಟೆತುಂಬ ಊಟ ಮಾಡು" ಎಂದಷ್ಟೇ ಹೇಳಿದಳು.

ಈ ವರ್ಷದ ಪರೀಕ್ಷೆಯ ಶನಿವಾರ ರಿಮ್ಮಾಳ ಕೈ ಓಡಲಿಲ್ಲ. ಎರಡು ಬನ್ನಿಗೆ ಹೂರಣವನ್ನೇ ತುಂಬಲಿಲ್ಲ. ಅಂಗಡಿಯ ಯಜಮಾನಿ ನೋಡಿಯೂ ನೋಡದವಳಂತೆ ಅವನ್ನು ಪಕ್ಕಕ್ಕಿಟ್ಟಳು.

ಸಂಜೆ ನಾಲ್ಕಕ್ಕೆ ಬಾಗಿಲ ಗಂಟೆ ಸದ್ದಾಯಿತು.

ದೊಂಗ್ಯು! ಹೆಗಲಲ್ಲಿ ಚೀಲ. ಹಳೆಯ ಓಣಿಯ ಯಾರಿಂದಲೋ ವಿಳಾಸ ಪಡೆದು ದೇಗುವಿನಿಂದ ನೇರ ಬಂದಿದ್ದ.

"ಹತ್ರ ಬರ್ಬೇಡಿ," ಎಂದಳು ರಿಮ್ಮಾ. "ನನ್ನ ಕೈ ಒಳ್ಳೇದಲ್ಲ."

"ರಿಮ್ಮಾ, ಒಂದು ಮಾತು ಕೇಳಿ. ಆಮೇಲೆ ಓಡ್ಸಿದ್ರೂ ಹೋಗ್ತೀನಿ." ಅವನು ಚೀಲ ಕೆಳಗಿಟ್ಟ. "ಹೋದ ವರ್ಷ ನಾನು ಉತ್ತರದ ಹಾಳೇಲಿ ಕೊನೇ ಕೆಲವು ಉತ್ತರಾನ ಒಂದು ಸಾಲು ತಪ್ಪಿಸಿ ಗುರುತು ಹಾಕಿದ್ದೆ. ಗಂಟೆ ಹೊಡೆದಾಗಲೇ ಗೊತ್ತಾಗಿತ್ತು."

"ಏನು?!"

"ಸಾರಿನ ವಿಷಯಾನೂ ಗೊತ್ತಿತ್ತು. ನೀವು ಆ ಚಳೀಲಿ ಏದುಸಿರು ಬಿಡ್ತಾ ನಿಂತಿದ್ರಲ್ಲ... ಬೇಡ ಅನ್ನೋಕೆ ಆಗ್ಲಿಲ್ಲ. ಅದು ನನ್ನ ಇಷ್ಟ. ಆದ್ರೆ ಅಮ್ಮ ಸಾರನ್ನ ಬೈದಾಗ ಸುಮ್ಮನಿದ್ದೆನಲ್ಲ, ಅದು ನನ್ನ ಹೇಡಿತನ. ಮೂರನೇ ಸಲ ಕೂತೂ ಸಾಲು ತಪ್ಪಿದೆ ಅಂತ ಹೇಳೋಕೆ ನಾಚಿಕೆ ಆಯ್ತು."

ರಿಮ್ಮಾಳ ಕಣ್ಣು ತುಂಬಿತು. ದುಃಖವೋ, ಸಿಟ್ಟೋ...

"ಒಂದು ವರ್ಷ! ಒಂದು ವರ್ಷ ನಾನು ತಲೆಯೆತ್ತಿ ಒಂದು ಮರ ನೋಡ್ಲಿಲ್ಲ, ಗೊತ್ತಾ? ಅಜ್ಜಿಗೂ ಸುಳ್ಳು ಹೇಳ್ದೆ!"

"ಗೊತ್ತಿರ್ಲಿಲ್ಲ. ಆದ್ರೆ ಕೇಳ್ಕೊಂಡು ಬರ್ಬೇಕಿತ್ತು. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳ್ದೆ. ಸೌಟು ತಗೊಂಡು ಬೆನ್ನಿಗೆ ಬಿಟ್ರು. 'ನಿನ್ನ ತಪ್ಪನ್ನ ಆ ಹುಡುಗಿ ಸಾರಿಗೆ ಹಾಕಿದ್ಯಾ? ನಾನೂ ಬೈದು ಕಳಿಸಿದ್ನಲ್ಲೋ' ಅಂತ ಅತ್ತುಬಿಟ್ರು."

ಯಜಮಾನಿ ಮೆಲ್ಲನೆ ಒಳಗೆ ಸರಿದಳು.

"ತಪ್ಪು ನಂದೂ ಇದೆ," ಎಂದಳು ರಿಮ್ಮಾ. "ಒಂದ್ಸಲ ಫೋನ್ ಎತ್ತಿದ್ರೆ ಸಾಕಿತ್ತು. ನೀವು ಬೈದ್ರೆ ಅನ್ನೋ ಭಯ... ಬೈಯದೇ ಇದ್ರೆ ಅಂತ ಇನ್ನೂ ಭಯ."

"ರಿಮ್ಮಾ, ನಿಮ್ಮನ್ನ ಪ್ರೀತಿಸ್ತೀನಿ. ಅದನ್ನ ಹೇಳೋಕೆ ಮೊದ್ಲು ಇದನ್ನ ಹೇಳ್ಬೇಕಿತ್ತು."

ಅವಳು ಕೆನ್ನೆ ಒರೆಸಿಕೊಂಡಳು. ಹಿಟ್ಟು ಮೆತ್ತಿತು.

"ಈ ಸಲ ಫೇಲಾದ್ರೆ?"

"ನನ್ನಿಂದಲೇ ಆದೆ ಅಂತೀನಿ. ಅಂಗಡಿ ತುಂಬ ಗಿರಾಕಿಗಳಿರುವಾಗ, ಜೋರಾಗಿ!"

"ಪಾಸಾದ್ರೆ?"

"ಆಗ ಮೆತ್ತಗೆ ಹೇಳ್ತೀನಿ. ನಿಮಗೊಬ್ಬರಿಗೇ."

ರಿಮ್ಮಾ ಏಪ್ರನ್ ಬಿಚ್ಚಿದಳು. "ಹೊಳೆ ಹತ್ರ ಹೂ ಇನ್ನೂ ಇದ್ಯಾ?"

"ಅರ್ಧ ಉದುರಿಹೋಗಿದೆ..."

"ಅರ್ಧ ಸಾಕು," ಎಂದು ಅವಳು ಅವನ ತೋಳು ಹಿಡಿದಳು. "ನಡೀರಿ."