ಹತ್ತು ನಿಮಿಷದ ದಾರಿ

ಶಶಿರೇಖಾ ಫೋನಿನಲ್ಲಿ ಬಸ್ಸಿನ ವೇಳೆ ಹುಡುಕುತ್ತಿದ್ದಾಗ ಜಾಹೀರಾತೊಂದು ಪರದೆ ತುಂಬಿತು: 'ಏರ್‌ಪೋರ್ಟ್‌ನಿಂದ ಹತ್ತೇ ನಿಮಿಷ! ಸೈಟುಗಳು!' ಮುಚ್ಚಲೆಂದು ಮೂಲೆಯ ಎಕ್ಸ್ ಒತ್ತಿದಳು. ಬಡಾವಣೆಯ ಪುಟ ತೆರೆದುಕೊಂಡಿತು. ಮೂರನೇ ಸಲವೂ ಹಾಗೇ ಆದಾಗ ಅಲ್ಲಿದ್ದ ನಂಬರಿಗೆ ಫೋನ್ ಮಾಡಿ ಬೈದಳು.

"ಆ ಎಕ್ಸ್ ಬರೀ ಚಿತ್ರ ಮೇಡಂ. ನಾನೇ ಬಿಡಿಸಿದ್ದು," ಎಂದಿತು ಗಂಡುದನಿ. "ಇನ್ನೂ ಸ್ವಲ್ಪ ಬೈಯಿರಿ, ಕೇಳೋಕೆ ಚೆನ್ನಾಗಿದೆ."

ಅವನು ಮಂಜೇಶ್. ದೊಡ್ಡಬಳ್ಳಾಪುರದಲ್ಲಿ ಸೈಟು ಮಾರುವ ಪುಟ್ಟ ಆಫೀಸು. ಅವಳು ಅದೇ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಬೈಗುಳ ಕಾಫಿಗೆ ತಿರುಗಿತು. ನೋಡನೋಡುತ್ತಾ ವರ್ಷ ಕಳೆಯಿತು. ಆ ಸುಳ್ಳು ಜಾಹೀರಾತು ತೆಗೆ ಎಂದು ಅವಳು ವಾದಕ್ಕಿಳಿದರೆ ಅವನು ಲೋಟದ ಅಂಚಿನ ಮೇಲಿಂದ ಕಣ್ಣಲ್ಲೇ ನಗುತ್ತಿದ್ದ.

"ಆ ಸುಳ್ಳು ಎಕ್ಸ್ ಇಲ್ದಿದ್ರೆ ನೀನೆಲ್ಲಿ ಸಿಗ್ತಿದ್ದೆ, ಶಶಿ?"

"ನಾನೇನು ಸೈಟ್ ತಗೊಂಡ್ನಾ? ಪರೀಕ್ಷೆ ಮಾಡು. ಎರಡು ವಾರ ಈ ಸುಳ್ಳಿನ ಬ್ಯಾನರ್, ಎರಡು ವಾರ ನಿಜವಾದ ದೂರ, ನಿಜವಾದ ಎಕ್ಸ್ ಇರೋದು. ಯಾವುದ್ರಿಂದ ಎಷ್ಟು ಸೈಟ್ ಹೋಗುತ್ತೆ ನೋಡೋಣ."

ತಿಂಗಳಾದ ಮೇಲೆ ಅವನು ಫಲಿತಾಂಶ ತಂದ. ಸುಳ್ಳಿಗೆ ಜನ ಮುಗಿಬಿದ್ದರೂ ಕೊಂಡವರು ಒಬ್ಬರೇ. ನಿಜದ ಬ್ಯಾನರ್ ಒತ್ತಿದವರು ಕೆಲವೇ ಮಂದಿ, ಕೊಂಡವರು ಐವರು. ಅವಳು ಆ ಹಾಳೆಯನ್ನು ಅಪ್ಪನ ಮುಂದಿಟ್ಟಳು. ಸೈಟಿನವರೆಂದರೆ ಮುಖ ಸಿಂಡರಿಸುತ್ತಿದ್ದ ಗಂಗಣ್ಣ, "ಸುಳ್ಳು ಬಿಟ್ಟು ಗೆದ್ದವ್ನೆ. ಆಗ್ಲಿ ಕಣವ್ವ," ಎಂದರು. ಗುರುವಾರಕ್ಕೆ ನಿಶ್ಚಿತಾರ್ಥ ನಿಗದಿಯಾಯಿತು.

ಅದಕ್ಕೆ ಮುಂಚಿನ ಭಾನುವಾರ, ಏರ್‌ಪೋರ್ಟ್ ರಸ್ತೆಯಿಂದ ಗಿರಾಕಿಗಳನ್ನು ಸೈಟು ತೋರಿಸಲು ಒಯ್ಯುವ ವ್ಯಾನಿನಲ್ಲಿ ಅವಳೂ ಹೊರಟಳು. ಪಕ್ಕದಲ್ಲಿ ಏರ್‌ಪೋರ್ಟಿನಲ್ಲಿ ಕಸ ಗುಡಿಸುವ ಲಕ್ಕಮ್ಮ. ಮುಕ್ಕಾಲು ಗಂಟೆ ಕಳೆದರೂ ಬಡಾವಣೆಯ ಹಿಂದಿನ ಮಾಕಳಿದುರ್ಗದ ಬೆಟ್ಟ ಇನ್ನೂ ದೂರದಲ್ಲೇ ಇತ್ತು.

"ಹತ್ತು ನಿಮಿಷ ಅಂದಿದ್ರಲ್ಲವ್ವಾ? ಡ್ಯೂಟಿಗೆ ನಾನು ಹೆಂಗ್ ಹೋಗ್ಲಿ?"

ಲಕ್ಕಮ್ಮ ತೋರಿಸಿದ ಫೋನಿನಲ್ಲಿ ಅದೇ ಬ್ಯಾನರ್. ಮೂಲೆಯಲ್ಲಿ ಅದೇ ಎಕ್ಸ್.

ಬಡಾವಣೆಯ ಕಮಾನಿನ ಬಳಿ ಮಂಜೇಶ್ ಕಾಯುತ್ತಿದ್ದ. ಅವಳ ಮುಖ ನೋಡಿದವನೇ ತಲೆ ತಗ್ಗಿಸಿದ.

"ನಿಜದ್ದು ನಾಲ್ಕು ದಿನ ಹಾಕ್ದೆ ಶಶಿ. ಒಬ್ರೂ ಬರ್ಲಿಲ್ಲ. ಭಯ ಆಯ್ತು, ತೆಗ್ದ್ಬಿಟ್ಟೆ."

"ಹಾಗಾದ್ರೆ ಹಾಳೇಲಿ ಇದ್ದಿದ್ದು?"

"ನಿಂಗೆ ಖುಷಿ ಆಗ್ಲಿ ಅಂತ ಬರ್ದೆ."

"ಹದಿನಾಲ್ಕು ದಿನ ಬಿಟ್ಟಿದ್ರೆ ಏನಾಗ್ತಿತ್ತೋ! ನಿಜ ಸೋತಿದ್ರೂ ನಾನು ನಿನ್ ಜೊತೇನೇ ಇರ್ತಿದ್ದೆ ಕಣೋ."

"ನಾಳೆಯಿಂದಾನೇ ಬದಲಾಯಿಸ್ತೀನಿ. ನಿನ್ನಾಣೆ."

ನಂಬಬೇಕೆಂದು ಜೀವ ಹಂಬಲಿಸಿತು. ಆದರೆ ನಾಳೆ ಯಾರ ಫೋನಿನಲ್ಲಿ ಹುಡುಕಿದರೆ ನಿಜ ತಿಳಿದೀತು ಎಂದು ಆಗಲೇ ಲೆಕ್ಕ ಹಾಕುತ್ತಿದ್ದಳು. ನಾಡಿದ್ದು ಯಾರನ್ನು ಕೇಳುವುದು, ಅದರ ಮಾರನೆಯ ದಿನ? ಬಾಳಿನುದ್ದಕ್ಕೂ ಅವನ ಮಾತನ್ನು ಹೀಗೇ ಒರೆಗೆ ಹಚ್ಚುತ್ತಿರುವ ತನ್ನನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಬಿಸಿಲಿಗೆ ಬೆವೆತಿದ್ದ ಅವನ ಹಣೆಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು. "ಗುರುವಾರ ಬರ್ಬೇಡ ಮಂಜು. ಅಪ್ಪಂಗೆ ನಾನೇ ಹೇಳ್ತೀನಿ."

ಲಕ್ಕಮ್ಮನ ಕೈಹಿಡಿದು ಬಸ್ಸಿನ ರಸ್ತೆಯತ್ತ ನಡೆದಳು. ಅವನು ಎರಡು ಸಲ ಹೆಸರು ಹಿಡಿದು ಕೂಗಿದ. ಎರಡೂ ಸಲ ಅವಳ ಹೆಜ್ಜೆ ತಡೆದು, ಮತ್ತೆ ಮುಂದೆ ಸಾಗಿತು.