ಲಾಕ್ ತೆಗೆದ ಕೈ

"ನೀನ್ಯಾಕೆ ಬಂದೆ?"

ವರ್ಷದ ಮೇಲೆ ಅವನನ್ನು ಆಫೀಸಿನ ಬಾಗಿಲಲ್ಲಿ ಕಂಡಾಗ ಅವಳ ಬಾಯಿಂದ ಬಂದದ್ದು ಇಷ್ಟೇ. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು... ಹಾಳಾದ್ದು, ಅದಕ್ಕೆ ಮಾನ ಮರ್ಯಾದೆ ಒಂದೂ ಇಲ್ಲ!

"ಬಾಸ್ ಕರೆಸಿದ್ರು. ಹುಡುಕಾಟ ನಿಧಾನ ಆಗ್ತಿದೆಯಂತೆ," ಎಂದ ಅವನು, ತಲೆ ಎತ್ತದೆ.

ಅಸ್ಥಿಮಜ್ಜೆ ದಾನಿಗಳ ಡೇಟಾಬೇಸ್ ಅದು. ಇಬ್ಬರೂ ಸೇರಿ ಕಟ್ಟಿದ್ದರು. ಲಕ್ಷಗಟ್ಟಲೆ ಹೆಸರುಗಳನ್ನು ಪಾಲು ಮಾಡಿಕೊಂಡು ಎಂಟು ಪ್ರೊಸೆಸರ್‌ಗಳು ಒಟ್ಟಿಗೇ ಹುಡುಕುತ್ತವೆ. ಸಿಕ್ಕಿದ್ದನ್ನು ಒಂದೇ ಮೆಮೊರಿಯಲ್ಲಿ ಬರೆಯುತ್ತವೆ. ಒಂದು ಬರೆಯುವಾಗ ಮಿಕ್ಕವು ಕಾಯಲಿ ಎಂದು ಅಲ್ಲೊಂದು ಲಾಕ್. ಅದರಿಂದ ಕೆಲಸ ನಿಧಾನ, ಆದರೆ ಅದಿಲ್ಲದಿದ್ದರೆ ಒಂದರ ಮೇಲೊಂದು ಬರೆದು ಹೆಸರೇ ಅಳಿಸಿಹೋಗುತ್ತದೆ.

ಹಾಗೆ ಅಳಿಸಿಹೋದದ್ದು ಕಾಯಿಲೆ ಬಿದ್ದಿದ್ದ ಅವಳ ತಮ್ಮ ಪುಟ್ಟನಿಗೆ ಹೊಂದುತ್ತಿದ್ದ ಒಬ್ಬನೇ ದಾನಿಯ ಹೆಸರು. ತಪ್ಪು ಗೊತ್ತಾಗಿ ಮತ್ತೆ ಹುಡುಕುವಷ್ಟರಲ್ಲಿ ಪುಟ್ಟ ಹೋಗಿಬಿಟ್ಟಿದ್ದ.

"ಲಾಕ್ ತೆಗೆದದ್ದು ನಾನೇ," ಎಂದಿದ್ದ ಅವನು, ಅವಳ ಅಮ್ಮನ ಮುಂದೆ ನಿಂತು. ಅವತ್ತೇ ಅವಳು ಅವನು ತೊಡಿಸಿದ ಉಂಗುರವನ್ನು ಅವನ ಮುಖಕ್ಕೆ ಎಸೆದಿದ್ದಳು.

ಈಗ ಪಕ್ಕದಲ್ಲೇ ಕೂತಿದ್ದಾನೆ.

ಬಾಸ್ ಇಣುಕಿದರು. "ಬೇಗ ಮಾಡಮ್ಮಾ, ಆಸ್ಪತ್ರೆಯಲ್ಲಿ ಇನ್ನೊಂದು ಮಗು ಕಾಯ್ತಿದೆ!"

ಗಾಬರಿಯಲ್ಲಿ ಅವಳ ಬೆರಳು ತಾನಾಗಿಯೇ ಪ್ರೋಗ್ರಾಮಿನಲ್ಲಿದ್ದ ಲಾಕಿನ ಸಾಲಿಗೆ ಹೋಯಿತು. ಆ ಸಾಲಿನ ಮುಂದೆ ಎರಡು ಗೆರೆ ಹಾಕಿ, ಅದು ಕೆಲಸ ಮಾಡದಂತೆ ಮಾಡಿತು.

'ಆಮೇಲೆ ಹಾಕಿದ್ರಾಯ್ತು...'

ಬೆರಳು ಗಕ್ಕನೆ ನಿಂತಿತು. ಅಯ್ಯೋ... ಇದೇ ಮಾತು! ಪುಟ್ಟನ ಹಾಸಿಗೆ ಪಕ್ಕ, ತೊಡೆ ಮೇಲೆ ಲ್ಯಾಪ್‌ಟಾಪ್, ನಿದ್ದೆಗೆಟ್ಟ ಕಣ್ಣು... ಬೇಗ ಸಿಕ್ಕರೆ ಸಾಕು ಅಂತ ಹೀಗೇ ಎರಡು ಗೆರೆ... ನಿದ್ದೆಗಣ್ಣಲ್ಲಿ ಹಾಕಿದ್ದು, ಮರೆತೇ ಹೋಗಿತ್ತು!

"ಲಾಕ್ ತೆಗೆದದ್ದು... ನಾನು, ಅಲ್ವಾ?"

ಅವನು ಪರದೆಯಿಂದ ಕಣ್ಣು ಕಿತ್ತು ಅವಳತ್ತ ತಿರುಗಿದ.

"ಹೇಳೋ! ಯಾಕೆ ಸುಳ್ಳು ಹೇಳಿದೆ?"

"ನನ್ನ ಮೇಲಿನ ಸಿಟ್ಟಲ್ಲಾದ್ರೂ ನೀನು ಬದುಕಿರ್ತೀಯ ಅಂತ. ನಿಜ ಗೊತ್ತಾಗಿದ್ರೆ ಅವತ್ತು ನೀನು ಉಳೀತಿರ್ಲಿಲ್ಲ ಕಣೇ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಪುಟ್ಟ ನನ್ನ ಕ್ಷಮಿಸ್ತಾನಾ?"

"'ಅಕ್ಕ ನನಗೋಸ್ಕರ ನಿದ್ದೆ ಬಿಟ್ಟಿದ್ದಾಳೆ, ಅವಳನ್ನ ನೋಡ್ಕೊಳ್ಳಿ ಭಾವ' ಅಂದಿದ್ದ," ಎಂದ ಅವನು. "ನೋಡ್ಕೊಳ್ಳೋಕೆ ನನಗೆ ತಿಳಿದದ್ದು ಅದೊಂದೇ ದಾರಿ."

ಅವಳು ಆ ಎರಡು ಗೆರೆಗಳನ್ನು ಅಳಿಸಿದಳು. ಲಾಕ್ ತನ್ನ ಜಾಗಕ್ಕೆ ಬಂತು. ಆ ಮಗುವಿಗಾಗಿ ಹುಡುಕಾಟ ಶುರುವಾಯಿತು.

"ತಡ ಆಗುತ್ತೆ," ಎಂದಳು.

"ಆಗ್ಲಿ. ಒಂದು ಹೆಸರೂ ಕಳೀಬಾರ್ದು."

"ಅಲ್ಲೀವರೆಗೂ... ಎದ್ದು ಹೋಗಲ್ಲ ತಾನೆ?"

"ಹೋಗು ಅಂದವಳು ನೀನು," ಅವನು ಅವಳ ಕೈ ಹಿಡಿದ. "ನಾನೆಲ್ಲೇ ಹೋಗಿದ್ದೆ?"